ಆರನೇ ತರಗತಿಗೆ ನವೋದಯವೋ, ಮೊರಾರ್ಜಿಯೋ, ಆದರ್ಶವೋ?

ಕಲಿಕೆಯಲ್ಲಿ ತರಗತಿಗಿಂತ ಮುಂದಿರುವ ಹಳ್ಳಿಯ ಮಗುವಿಗೆ ಕರ್ನಾಟಕದಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಆರನೇ ತರಗತಿಗೆ ಸೇರಿಸಿಕೊಳ್ಳುವ ಸರ್ಕಾರಿ ಶಾಲೆಗಳಲ್ಲಿ ಜವಾಹರ್ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಹಾಗೂ ಆದರ್ಶ ವಿದ್ಯಾಲಯ ಮುಖ್ಯವಾದವು.

ನವೋದಯದ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅದರ 100 ಅಂಕಗಳಲ್ಲಿ 50 ಅಂಕಗಳು ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ಗುಂಪಿಗೆ ಸೇರದ ಆಕೃತಿಯನ್ನು ಗುರುತಿಸುವ, ಅಪೂರ್ಣ ಚಿತ್ರವನ್ನು ಪೂರ್ಣಗೊಳಿಸುವಂತಹ ಪ್ರಶ್ನೆಗಳಿಗೆ ಮೀಸಲಾಗಿರುವುದರಿಂದ, ಬಾಯಿಪಾಠಕ್ಕಿಂತ ತರ್ಕದಲ್ಲಿ ಚುರುಕಾಗಿರುವ ಮಗುವಿಗೆ ಅದು ಹೆಚ್ಚು ಒಪ್ಪುತ್ತದೆ. ಕನಿಷ್ಠ ಶೇ. 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗಿವೆ. ಆದರೆ ಆರನೇ ತರಗತಿಯ ಪ್ರವೇಶಕ್ಕೆ ಒಂದೇ ಬಾರಿ ಪರೀಕ್ಷೆ ಬರೆಯಲು ಅವಕಾಶವಿದೆ. ಹನ್ನೆರಡನೇ ತರಗತಿಯವರೆಗೆ ಸಿಬಿಎಸ್‌ಇ ಪಠ್ಯಕ್ರಮವಿರುವುದು ದೊಡ್ಡ ಅನುಕೂಲ. ಒಂಬತ್ತನೇ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ಭಾಷಿಕ ರಾಜ್ಯದ ನವೋದಯಕ್ಕೆ ಕಳುಹಿಸುವ ಪದ್ಧತಿಯಿದೆ ಎಂಬುದನ್ನು ಪೋಷಕರು ಮೊದಲೇ ತಿಳಿದಿರಬೇಕು.

ನವೋದಯದಂತೆ ಮೊರಾರ್ಜಿ ಶಾಲೆಯಲ್ಲೂ ಊಟ, ವಸತಿ ಉಚಿತ. ಪಠ್ಯಕ್ರಮ ಮಾತ್ರ ರಾಜ್ಯದ್ದು.

ಆದರ್ಶ ವಿದ್ಯಾಲಯದಲ್ಲಿ ಹತ್ತನೇ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ರಾಜ್ಯ ಪಠ್ಯಕ್ರಮವನ್ನು ಕಲಿಸುತ್ತಾರೆ. ವಸತಿ ಇಲ್ಲದ ಕಾರಣ ಮಗು ಸಂಜೆ ಮನೆಗೆ ಬರುತ್ತದೆ. ಹತ್ತು ವರ್ಷದ ಮಗು ತನ್ನ ಸಮವಸ್ತ್ರವನ್ನು ತಾನೇ ಒಗೆದುಕೊಂಡು, ಅಮ್ಮನನ್ನು ಬಿಟ್ಟು ಹಾಸ್ಟೆಲಿನಲ್ಲಿ ಮಲಗಲು ಸಿದ್ಧವಿಲ್ಲದಿದ್ದರೆ, ನವೋದಯದ ಸೀಟು ಸಿಕ್ಕಿದ್ದರೂ ನಾನು ಆದರ್ಶವನ್ನೇ ಆರಿಸುತ್ತೇನೆ. ಸಿದ್ಧವಿದ್ದರೆ ನನ್ನ ಮೊದಲ ಆಯ್ಕೆ ನವೋದಯ.