ಪೇಂಟ್‌ಬಾಲ್ ಆಡಲು ಹೋಗುವವರು ‘ಯಾವ ಬಟ್ಟೆಯಾದರೂ ನಡೆಯುತ್ತದೆ’ ಎಂಬ ಮಾತನ್ನು ನಂಬಬೇಡಿ

ಪೇಂಟ್‌ಬಾಲ್ ಎಂದರೆ ಬಣ್ಣ ತುಂಬಿದ ಸಣ್ಣ ಗುಂಡುಗಳನ್ನು ಗನ್ನಿನಿಂದ ಎದುರಾಳಿಗಳ ಮೇಲೆ ಹಾರಿಸುವ ಆಟ. ಪುಣೆಯ ಸುತ್ತಲಿನ ರೆಸಾರ್ಟುಗಳಲ್ಲಿ ಪೇಂಟ್‌ಬಾಲ್ ಆಡಲು ಹಣ ಕಟ್ಟುವ ಮೊದಲು, ಅಲ್ಲಿ ಮೈಮೇಲೆ ಹಾಕಿಕೊಳ್ಳಲು ಏನೇನು ಕೊಡುತ್ತಾರೆ ಎಂಬುದನ್ನು ಒಂದೊಂದನ್ನೂ ಹೆಸರು ಹಿಡಿದು ಕೇಳಿ ತಿಳಿದುಕೊಳ್ಳಿ. ‘ಸೇಫ್ಟಿ ಗೇರ್ ಎಲ್ಲ ನಮ್ಮದೇ, ನೀವು ಯಾವ ಬಟ್ಟೆಯಲ್ಲಾದರೂ ಬನ್ನಿ’ ಎಂದು ಫೋನಿನಲ್ಲಿ ಕೊಟ್ಟ ಭರವಸೆಯ ಮೇಲೆ, ದೀಪಾವಳಿಯ ರಜೆಯಲ್ಲಿ ನಮ್ಮ ಸೊಸೈಟಿಯ ಕೆಲವು ಕನ್ನಡ ಕುಟುಂಬಗಳು ಮುಳಶಿ ಕಡೆಯ ಒಂದು ಜಾಗಕ್ಕೆ ಹೋಗಿದ್ದೆವು. ಆ ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿಗಿಂತ ಆ ಮಾತನ್ನು ನೆನಪಿಟ್ಟುಕೊಳ್ಳುವುದೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಲ್ಲಿ ಕೈಗೆ ಸಿಕ್ಕಿದ್ದು ಒಂದು ಮಾಸ್ಕ್ ಮತ್ತು ಎದೆಗೆ ಕಟ್ಟಿಕೊಳ್ಳುವ ಒಂದು ಪ್ಯಾಡ್. ಹಿಂದಿನ ತಂಡದವರು ಆಗಷ್ಟೇ ಬಿಚ್ಚಿಕೊಟ್ಟಿದ್ದ ಆ ಪ್ಯಾಡ್ ಬೆವರಿನಿಂದಲೂ ಬಣ್ಣದಿಂದಲೂ ಒದ್ದೆಯಾಗಿತ್ತು. ಅದಕ್ಕೆ ತೋಳಿರಲಿಲ್ಲ, ಪಕ್ಕೆಗಳು ತೆರೆದೇ ಇದ್ದವು. ಕೈಗವಸಾಗಲಿ ಕೊರಳಿಗೆ ಸುತ್ತುವ ಪಟ್ಟಿಯಾಗಲಿ ಇರಲಿಲ್ಲ. ಧಾರವಾಡದಿಂದ ರಜೆಗೆ ಬಂದಿದ್ದ ನಮ್ಮ ಅಕ್ಕನ ಮಗಳು, ಆ ಭರವಸೆಯನ್ನೇ ನಂಬಿ, ಮೈಗೆ ಅಂಟುವ ಲೆಗ್ಗಿಂಗ್ಸ್ ಮತ್ತು ಅರೆತೋಳಿನ ಟೀ ಶರ್ಟಿನಲ್ಲಿ ಬಂದಿದ್ದಳು. ಆಟ ಮುಗಿಯುವ ಹೊತ್ತಿಗೆ ಅವಳ ತೊಡೆ ಮತ್ತು ಮೀನಖಂಡಗಳ ಮೇಲೆ ಬಾಸುಂಡೆಗಳು ಎದ್ದಿದ್ದವು. ಅವಳನ್ನು ಹಿಡಿದು ಕಾರಿಗೆ ಹತ್ತಿಸಲು ಹೋದಾಗ “ಮಾಮಾ, ಕಾಲಿಗೆ ಮುಟ್ಟಬ್ಯಾಡ್ರಿ” ಎಂದು ಅತ್ತುಬಿಟ್ಟಳು. ಗುಂಪಿನಲ್ಲಿದ್ದ ಇನ್ನೊಬ್ಬರ ಬೆರಳ ಗೆಣ್ಣಿಗೆ ಬಿದ್ದ ಪೆಟ್ಟಿನಿಂದ ಚರ್ಮ ಸುಲಿದು, ಬೆರಳು ಮಡಿಸಲಾಗದಷ್ಟು ಊದಿಕೊಂಡಿತು.

ಇದನ್ನು ಸಣ್ಣ ನೋವೆಂದು ತಳ್ಳಿಹಾಕುವವರು ಆ ಗುಂಡಿನ ಲೆಕ್ಕವನ್ನು ಒಮ್ಮೆ ನೋಡಬೇಕು. ಸಾಮಾನ್ಯವಾಗಿ ಬಳಸುವ ಗುಂಡು ಸುಮಾರು 17 ಮಿಲಿಮೀಟರ್ ಅಗಲ ಮತ್ತು 3 ಗ್ರಾಂ ತೂಕದ್ದು. ಅದರ ಹೊರಚಿಪ್ಪು ಜೆಲಟಿನ್, ಒಳಗಿರುವುದು ನೀರಿನಲ್ಲಿ ಕರಗುವ ಬಣ್ಣದ ದ್ರವ. ಮೈದಾನಗಳಲ್ಲಿ ಒಪ್ಪಿತವಾದ ಗರಿಷ್ಠ ವೇಗ ಸೆಕೆಂಡಿಗೆ 300 ಅಡಿ, ಎಂದರೆ ಗಂಟೆಗೆ ಸುಮಾರು 330 ಕಿಲೋಮೀಟರ್. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ ಈ ಆಟವನ್ನು ಮೊದಲು ಆಡಿದ್ದೇ ಮರಗಳಿಗೂ ದನಗಳಿಗೂ ಗುರುತು ಹಾಕಲು ಬಳಸುತ್ತಿದ್ದ ಗನ್ನಿನಿಂದ. ದನದ ತೊಗಲಿಗೆ ತಕ್ಕ ಸಾಧನದ ಎದುರು ತೆಳುವಾದ ಲೆಗ್ಗಿಂಗ್ಸ್ ತೊಟ್ಟು ನಿಲ್ಲಬಹುದೆಂದು ಫೋನಿನಲ್ಲಿ ಹೇಳುವವರ ಧೈರ್ಯವನ್ನು ಮೆಚ್ಚಲೇಬೇಕು. ಗುಂಡು ತಾಗಿದ ಕೂಡಲೇ ಒಡೆದರೆ ಪೆಟ್ಟಿನ ಒಂದಷ್ಟು ಬಲ ಚಿಪ್ಪು ಒಡೆಯುವುದರಲ್ಲೇ ಕಳೆದುಹೋಗುತ್ತದೆ. ಹಳೆಯದಾಗಿ ಗಟ್ಟಿಯಾದ ಗುಂಡು ಒಡೆಯದೆ ಪುಟಿಯುವುದರಿಂದ ನೋವು ಇನ್ನೂ ಹೆಚ್ಚು, ಮತ್ತು ನಿಮಗೆ ಕೊಡುವ ಗುಂಡು ಎಷ್ಟು ಹಳೆಯದೆಂದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಆದ್ದರಿಂದ ಬಟ್ಟೆಯ ವಿಷಯದಲ್ಲಿ ದಪ್ಪಕ್ಕಿಂತ ಸಡಿಲ ಮುಖ್ಯ. ಮೈಗೂ ಬಟ್ಟೆಗೂ ನಡುವೆ ಗಾಳಿಯಾಡುವಷ್ಟು ಜಾಗವಿದ್ದರೆ ಬಟ್ಟೆ ಒಳಕ್ಕೆ ಬಾಗಿ ಪೆಟ್ಟಿನ ಬಿರುಸನ್ನು ತಗ್ಗಿಸುತ್ತದೆ. ಮೈಗಂಟಿದ ಬಟ್ಟೆಯಲ್ಲಿ ಆ ಅವಕಾಶವೇ ಇರುವುದಿಲ್ಲ. ಒಳಗೊಂದು ಹತ್ತಿಯ ಬನಿಯನ್ ಅಥವಾ ಟೀ ಶರ್ಟ್, ಅದರ ಮೇಲೆ ಒಂದು ಅಳತೆ ದೊಡ್ಡದಾದ ತುಂಬುತೋಳಿನ ಹಳೆಯ ಅಂಗಿ, ಕೆಳಗೆ ಸಡಿಲವಾದ ಟ್ರ್ಯಾಕ್ ಪ್ಯಾಂಟ್ ಮತ್ತು ಅದರೊಳಗೆ ಇನ್ನೊಂದು ತೆಳುವಾದ ಪ್ಯಾಂಟ್ ಇದ್ದರೆ ಸಾಕು. ಹೆಣ್ಣುಮಕ್ಕಳು ಲೆಗ್ಗಿಂಗ್ಸ್ ಹಾಕಲೇಬೇಕೆಂದರೆ ಒಳಪದರವಾಗಿ ಹಾಕಲಿ. ಚಳಿಗಾಲದ ದಪ್ಪ ಜಾಕೆಟ್ ತೊಟ್ಟರೆ ಪೆಟ್ಟೇನೋ ಕಡಿಮೆ ತಾಗುತ್ತದೆ, ಆದರೆ ಪುಣೆಯ ಮಧ್ಯಾಹ್ನದ ಬಿಸಿಲಿನಲ್ಲಿ ಓಡಾಡುವಾಗ ಬೆವರಿಳಿದು, ಮಾಸ್ಕಿನ ಗಾಜಿನ ಮೇಲೆ ಆವಿ ಕೂತು, ಎದುರಿಗಿರುವವರು ಕಾಣದಂತಾಗುತ್ತದೆ. ಆಗ ಮಾಸ್ಕ್ ತೆಗೆದು ಒರೆಸಬೇಕೆನ್ನಿಸುವುದು ಸಹಜ, ಮೈದಾನದೊಳಗೆ ಅದರಷ್ಟು ಅಪಾಯಕಾರಿಯಾದದ್ದು ಬೇರೊಂದಿಲ್ಲ. ಜೀನ್ಸ್ ಕೆಟ್ಟದ್ದಲ್ಲ, ಆದರೆ ಮಳೆಗಾಲದಲ್ಲಿ ನೆನೆದರೆ ಭಾರವಾಗುತ್ತದೆ, ಮಂಡಿಯೂರಿ ಕೂರಲು ಬಿಡುವುದಿಲ್ಲ.

ಎಲ್ಲರೂ ಮರೆಯುವುದು ಕೊರಳನ್ನು. ಮಾಸ್ಕ್ ಕಣ್ಣು, ಬಾಯಿ, ಕಿವಿಗಳನ್ನು ಮುಚ್ಚುತ್ತದೆ, ಪ್ಯಾಡ್ ಎದೆಯನ್ನು ಮುಚ್ಚುತ್ತದೆ. ಎರಡರ ನಡುವೆ ಗಂಟಲು ಬರಿದಾಗಿ ಉಳಿಯುತ್ತದೆ. ಮಫ್ಲರನ್ನೋ ಹಳೆಯ ಹತ್ತಿ ಟವೆಲನ್ನೋ ಸುತ್ತಿ, ತುದಿಗಳನ್ನು ಅಂಗಿಯೊಳಗೆ ಸೇರಿಸಿಕೊಳ್ಳಿ. ದುಪಟ್ಟವನ್ನು ಜೋತುಬೀಳುವಂತೆ ಬಿಡಬೇಡಿ, ಪೊದೆಗೆ ಸಿಕ್ಕಿಕೊಳ್ಳುತ್ತದೆ. ಟೊಪ್ಪಿಗೆಯಿರುವ ಸ್ವೆಟ್‌ಶರ್ಟ್ ಇದ್ದರೆ ತಲೆಯ ಹಿಂಭಾಗಕ್ಕೂ ರಕ್ಷಣೆ ದೊರೆಯುತ್ತದೆ. ಕೈಗೆ ಬೈಕಿನ ಗ್ಲೌಸ್ ಸಾಕು, ಬೆರಳ ತುದಿ ಕತ್ತರಿಸಿದ್ದು ಬೇಡ. ಕಾಲಿಗೆ ಹಿಡಿತವಿರುವ, ಹಿಮ್ಮಡಿ ಮುಚ್ಚುವ ಶೂ ಬೇಕು; ಚಪ್ಪಲಿಯಲ್ಲಿ ಬಂದವರನ್ನೂ ಅಲ್ಲಿ ಒಳಗೆ ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಕನ್ನಡಕ ಹಾಕುವವರು ಅದರ ಮೇಲೆಯೇ ಮಾಸ್ಕ್ ಸರಿಯಾಗಿ ಕೂರುತ್ತದೆಯೇ ಎಂದು ಆಟಕ್ಕೆ ಮೊದಲೇ ತೊಟ್ಟು ನೋಡಬೇಕು. ಪೇಂಟ್‌ಬಾಲ್ ಮಾಸ್ಕಿಗೆ, ಉತ್ಪನ್ನಗಳ ಗುಣಮಟ್ಟ ನಿಗದಿಪಡಿಸುವ ಎಎಸ್‌ಟಿಎಂ ಸಂಸ್ಥೆಯ ಎಫ್1776 ಎಂಬ ಪ್ರತ್ಯೇಕ ಮಾನದಂಡವೇ ಇರುವಾಗ, ಅದರ ಬದಲು ಬೈಕ್ ಸವಾರರ ಗಾಗಲ್ ಕೊಡಲು ಬಂದರೆ ಅಲ್ಲಿಂದಲೇ ಹಿಂದಿರುಗಿ.

ಬಟ್ಟೆ ಹಾಳಾಗುವ ಚಿಂತೆ ಅಷ್ಟಾಗಿ ಬೇಡ. ಬಣ್ಣ ಒಣಗುವ ಮೊದಲು ತಣ್ಣೀರಿನಲ್ಲಿ ನೆನೆಸಿದರೆ ಬಹುಪಾಲು ಬಿಟ್ಟುಹೋಗುತ್ತದೆ.

ನೋವಿನ ಬಗ್ಗೆ ದೂರು ಹೇಳಿದಾಗ ಅಲ್ಲಿನ ಮ್ಯಾನೇಜರ್, ಗೇಟಿನಲ್ಲಿ ನಾವು ಸಹಿ ಮಾಡಿದ ಕಾಗದವನ್ನು ತಂದು ತೋರಿಸಿದರು. ಮೈತುಂಬ ಬಟ್ಟೆ ಧರಿಸುವುದು ಆಟಗಾರರ ಹೊಣೆಯೆಂದು ಅದರಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಹಣ ಪಡೆಯುವಾಗ ಫೋನಿನಲ್ಲಿ ಹೇಳಿದ್ದಕ್ಕೆ ಅದು ನೇರ ವಿರುದ್ಧವಾಗಿತ್ತು. ಹಾಗಾಗಿ ಮುಂಗಡ ಕಳಿಸುವ ಮೊದಲೇ ಆ ಕಾಗದವನ್ನೂ, ಕೊಡುವ ಪ್ಯಾಡ್, ಜಾಕೆಟ್ ಮತ್ತು ಮಾಸ್ಕಿನ ಫೋಟೋಗಳನ್ನೂ ವಾಟ್ಸ್ಆ್ಯಪಿನಲ್ಲಿ ತರಿಸಿಕೊಳ್ಳಿ, ಗನ್ನಿನ ವೇಗವನ್ನು ಯಂತ್ರದಿಂದ ಅಳೆಯುತ್ತಾರೆಯೇ ಎಂದೂ ಕೇಳಿ. ಇವನ್ನು ಕಳಿಸಲು ಹಿಂದೇಟು ಹಾಕಿದರೆ ಬೇರೆ ಜಾಗ ನೋಡಿಕೊಳ್ಳಿ.