ಖೋ ಖೋ ಸೇರಿಸಬೇಕಾ, ಬ್ಯಾಡ್ಮಿಂಟನ್ನಾ?

ಮಗಳಿಗೆ 9 ವರ್ಷ. ಶಿವಮೊಗ್ಗದಲ್ಲಿದ್ದು ಆಟ ಆರಿಸುವಾಗ ನಾನು ಮೊದಲು ನೋಡಿದ್ದು ಮಳೆಯನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು. ಖೋ ಖೋ ಅಭ್ಯಾಸ ಪದೇ ಪದೇ ನಿಲ್ಲುತ್ತದೆ. ಬ್ಯಾಡ್ಮಿಂಟನ್ ಒಳಾಂಗಣದಲ್ಲಿ ನಡೆಯುತ್ತದೆ, ಅದಕ್ಕೆ ಮಳೆಯ ಹಂಗಿಲ್ಲ.

ಆದರೆ ಖರ್ಚು? ಖೋ ಖೋಗೆ ಎರಡು ಕಂಬ, ಒಂದಿಷ್ಟು ಜಾಗ ಸಾಕು. ಬ್ಯಾಡ್ಮಿಂಟನ್‌ಗೆ ರಾಕೆಟ್, ಶೂ, ಕೋರ್ಟ್ ಬಾಡಿಗೆ, ತರಬೇತಿ ಶುಲ್ಕ ಎಲ್ಲ ಬೇಕು. ಅದರಲ್ಲೂ ಶಟಲ್! 16 ಗರಿಗಳ ಆ ಪುಟ್ಟ ವಸ್ತು ಜೋರು ಆಟದಲ್ಲಿ ಬೇಗ ಹಾಳಾಗುತ್ತದೆ. ಮಗು ಮುಂದೆ ಹೋದಷ್ಟೂ ಈ ಖರ್ಚು ಜಾಸ್ತಿ.

ದಾರಿಯೂ ಬೇರೆ. ಬ್ಯಾಡ್ಮಿಂಟನ್ 1992ರಿಂದ ಒಲಿಂಪಿಕ್ಸ್‌ನಲ್ಲಿದೆ. 1980ರಲ್ಲೇ ನಮ್ಮ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದಿದ್ದರು. ಖೋ ಖೋ ಇನ್ನೂ ಒಲಿಂಪಿಕ್ಸ್‌ಗೆ ಬಂದಿಲ್ಲ. ಆದರೂ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆಯಿತು, ಭಾರತದ ಪುರುಷರ, ಮಹಿಳೆಯರ ಎರಡೂ ತಂಡಗಳು ಗೆದ್ದವು.

ಇನ್ನೊಂದು ಮಾತು. ಬ್ಯಾಡ್ಮಿಂಟನ್ ಸಿಂಗಲ್ಸ್‌ನಲ್ಲಿ ಸೋತರೆ ಮಗು ಒಂಟಿ. ಖೋ ಖೋದಲ್ಲಿ ಬೆನ್ನು ತಟ್ಟಲು ತಂಡವಿರುತ್ತದೆ. ನನ್ನ ಮಗಳು ಬೇಗ ಕುಗ್ಗುವವಳು. ಹಾಗಾಗಿ ಎರಡು ವರ್ಷ ಖೋ ಖೋ ಆಡಲಿ, ಮಳೆಗಾಲದಲ್ಲಿ ಸುಮ್ನೆ ಶಟಲ್ ಹೊಡೆಯಲಿ ಎಂದು ತೀರ್ಮಾನಿಸಿದ್ದೇನೆ. ನಿಮ್ಮ ಮಗು ಒಬ್ಬನೇ ಗಂಟೆಗಟ್ಟಲೆ ಗೋಡೆಗೆ ಚೆಂಡು ಹೊಡೆಯುವವನಾದರೆ ಬ್ಯಾಡ್ಮಿಂಟನ್ನೇ ಸರಿ.