ನಾಯಿಯ ಕಿವಿಗೆ ಎಣ್ಣೆಯೋ, ವೈಪ್ಸೋ, ಇಯರ್ ಕ್ಲೀನರೋ?

ಕೊಬ್ಬರಿ ಎಣ್ಣೆ, ಒದ್ದೆ ವೈಪ್ಸ್, ನಾಯಿಗಳಿಗೆಂದೇ ಸಿಗುವ ಇಯರ್ ಕ್ಲೀನರ್ ದ್ರಾವಣ, ಈ ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಮನೆಯಲ್ಲಿ ಉಳಿದದ್ದು ದ್ರಾವಣದ ಬಾಟಲಿಯೊಂದೇ. ಬೀದರಿನ ಒಣ ಬೇಸಿಗೆಯಲ್ಲಿ ಸುಮ್ಮನಿರುವ ನಮ್ಮ ಲ್ಯಾಬ್ರಡಾರಿನ ಜೋಲುಗಿವಿ, ಮಳೆಗಾಲದ ತೇವ ಹಿಡಿದೊಡನೆ ಕೆರಳುತ್ತದೆ. ತಲೆ ಕೊಡವುವುದು, ಹಿಂಗಾಲಿನಿಂದ ಕೆರೆದುಕೊಳ್ಳುವುದು, ಒಳಗೆ ಕೆಂಪೇರುವುದು ಎಲ್ಲರಿಗೂ ಕಾಣುವ ಗುರುತುಗಳು. ನಾನು ಹೆಚ್ಚು ನಂಬುವುದು ವಾಸನೆಯನ್ನು. ಹುಳಿ ವಾಸನೆಯ ಕಂದು ಜಿಡ್ಡಿದ್ದರೆ ಹೆಚ್ಚಾಗಿ ಯೀಸ್ಟ್, ಹಳದಿ ಕೀವಿದ್ದರೆ ಬ್ಯಾಕ್ಟೀರಿಯಾ, ಕಾಫಿಪುಡಿಯಂಥ ಕಪ್ಪು ಕಸವಿದ್ದರೆ ಕಿವಿನುಸಿ ಎಂದು ಅನುಮಾನಿಸಬಹುದಾದರೂ, ಖಚಿತವಾಗುವುದು ಕಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ.

ಎಣ್ಣೆ ಧೂಳನ್ನು ಹಿಡಿದಿಟ್ಟು ಅಂಟಾಗುತ್ತದೆ, ಅದನ್ನು ಬಿಟ್ಟೆವು.

ವೈಪ್ಸ್ ಅಗ್ಗ, ಸುಲಭ, ನಾಯಿಯೂ ತಕರಾರು ಮಾಡುವುದಿಲ್ಲ. ಆದರೆ ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕಿಳಿದು, ಆಮೇಲೆ ಒಳಕ್ಕೆ ತಿರುಗುವುದರಿಂದ, ಬೆರಳಿಗೆ ಸುತ್ತಿದ ವೈಪ್ಸ್ ಹೊರಗಿನ ಹಾಳೆಯನ್ನಷ್ಟೇ ಒರೆಸುತ್ತದೆ. ಆ ತಿರುವಿನ ತನಕ ಹೋಗಲು ಇಯರ್ ಬಡ್ ಹಾಕಿದರೆ ಗುಗ್ಗೆ ಇನ್ನಷ್ಟು ಆಳಕ್ಕೆ ತಳ್ಳಲ್ಪಡುತ್ತದೆ.

ದ್ರಾವಣದ ದೊಡ್ಡ ಕಿರಿಕಿರಿ ಅದರ ತಣ್ಣಗಿನ ಸ್ಪರ್ಶ. ಬಾಟಲಿಯ ಮೂತಿ ಕಿವಿಗೆ ತಾಗಿ, ತಣ್ಣನೆಯ ನೀರು ಒಮ್ಮೆಲೇ ಒಳಗೆ ಸುರಿದರೆ ನಾಯಿ ಬೆಚ್ಚಿ ಬೀಳುತ್ತದೆ. ಮರುವಾರ ಬಾಟಲಿಯ ಮುಚ್ಚಳ ತೆರೆಯುವ ಸದ್ದಿಗೇ ಮಂಚದ ಕೆಳಗೆ ಸೇರುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಸರಳವಾಗಿದೆ. ಬಾಟಲಿಯನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ದ್ರಾವಣದಲ್ಲಿ ಚೆನ್ನಾಗಿ ತೋಯಿಸಿದ ದೊಡ್ಡ ಹತ್ತಿಯುಂಡೆಯನ್ನು ಕಿವಿಯ ಬಾಯಲ್ಲಿಟ್ಟು, ಹಾಳೆ ಮುಚ್ಚಿ, ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ನೀವುತ್ತೇನೆ. ಒಳಗೆ ಪಚಪಚ ಸದ್ದು ಕೇಳಿದರೆ ದ್ರಾವಣ ಇಳಿದಿದೆ ಎಂದರ್ಥ. ನಾಯಿ ತಲೆ ಕೊಡವಿದ ಮೇಲೆ ಹೊರಗೆ ಬಂದ ಜಿಡ್ಡನ್ನು ಒಣ ಹತ್ತಿಯಿಂದ ತೆಗೆಯುತ್ತೇನೆ. ಮೂತಿ ಕಿವಿಗೆ ಮುಟ್ಟದ ಕಾರಣ ಒಂದು ಕಿವಿಯ ಸೋಂಕು ಬಾಟಲಿಗೂ ಇನ್ನೊಂದು ಕಿವಿಗೂ ಹೋಗುವುದಿಲ್ಲ.

ಮುಟ್ಟಿದರೆ ಕುಂಯ್ಗುಟ್ಟುವ, ತಲೆ ಒಂದು ಕಡೆ ವಾಲಿಸುವ, ಕೀವು ಸೋರುವ ನಾಯಿಗೆ ಇವು ಯಾವುವೂ ಸಲ್ಲವು. ಕಿವಿತಮಟೆ ಹರಿದಿದ್ದರೆ ದ್ರಾವಣದಿಂದಲೇ ಹಾನಿಯಾಗಬಹುದಾದ್ದರಿಂದ ಮೊದಲು ವೈದ್ಯರು ಒಳಗೆ ನೋಡಲೇಬೇಕು. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ. ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ಅಲರ್ಜಿಯ ಬಗ್ಗೆಯೂ ಕೇಳಬೇಕು.

ಬಾಟಲಿ ವೈಪ್ಸ್‌ಗಿಂತ ದುಬಾರಿ. ಆದರೂ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಸ್ನಾನ ಮಾಡಿಸಿದ ದಿನವೇ ಬಳಸುವ ನನ್ನ ರೂಢಿಗೆ ಅದು ಸಾಕಷ್ಟು ಕಾಲ ಬರುತ್ತದೆ. ಕಿವಿ ಸ್ವಚ್ಛವಾಗಿ, ಒಣಗಿರುವ ವಾರ ಬಾಟಲಿ ಮುಟ್ಟುವುದಿಲ್ಲ. ಅತಿಯಾಗಿ ತೊಳೆದರೂ ಒಳಚರ್ಮ ಕೆರಳುತ್ತದೆ.